ಕೆಲಸಕ್ಕೆ ಬಂದದ್ದು ನನ್ನ ಕೆಟ್ಟ ಪಾಠ

"ಟೀಚರ್, ಇದು ಎರಡು ಶನಿವಾರ ನಡೆಯುತ್ತೆ. ಮೂರನೆಯದಕ್ಕೆ ನೀವೊಬ್ಬರೇ ಕೂತಿರ್ತೀರಿ." ನಮ್ಮ ಸ್ಟಾಫ್ ರೂಮಿನ ಹಿರಿಯ ಸರ್ ಹೀಗಂದು ಮೂರು ವರ್ಷ ಆಯಿತು. ಹೋದ ಶನಿವಾರ ನಾವು ಒಬ್ಬರ ಪಾಠ ಒಬ್ಬರು ನೋಡಿದ್ದು 60ನೆಯ ಸಲವೋ 62ನೆಯದೋ. ಸರ್ ಈಗಲೂ ಬರುತ್ತಾರೆ. ವಡಾಪಾವ್ ತರುವುದೂ ಅವರೇ.

ಒಬ್ಬರ ಪಾಠವನ್ನು ಉಳಿದವರು ಹಿಂದೆ ಕೂತು ನೋಡುವುದು, ಆಮೇಲೆ ಮಾತಾಡುವುದು. ಇಷ್ಟೇ ವಿಷಯ. ಜಪಾನಿನ ಶಾಲೆಗಳಲ್ಲಿ ಇದು ನೂರು ವರ್ಷಕ್ಕೂ ಹಳೆಯದು. ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿರುವ ನಮ್ಮ ಪುಟ್ಟ ಕನ್ನಡ ಮಾಧ್ಯಮ ಶಾಲೆಯಲ್ಲಿ, ಎಂಟು ಜನರ ನಡುವೆ, ಇದು ಎರಡು ಸಲ ನೆಲಕಚ್ಚಿತು.

ಮೊದಲ ಸಲ ತಪ್ಪು ನನ್ನದೇ. ಆಗಷ್ಟೇ ನನಗೆ ಮುಖ್ಯಾಧ್ಯಾಪಕಿ ಚಾರ್ಜ್ ಕೊಟ್ಟಿದ್ದರು. ಹುರುಪಿನಲ್ಲಿ 22 ಕಾಲಮ್ಮಿನ ಫಾರ್ಮ್ ಮಾಡಿ ಝೆರಾಕ್ಸ್ ಹೊಡೆಸಿದೆ. ಬೋರ್ಡ್ ಕೆಲಸಕ್ಕೆ ಅಂಕ, ಧ್ವನಿಗೆ ಅಂಕ. ಹೆಚ್ಚುಕಡಿಮೆ ಎಲ್ಲರೂ ಎಲ್ಲರಿಗೂ 'ಉತ್ತಮ' ಹಾಕಿದರು. 'ಸಾಧಾರಣ' ಸಿಕ್ಕಿದ ಒಬ್ಬರು ದೀಪಾವಳಿವರೆಗೆ ನನ್ನ ಜೊತೆ ಮಾತು ಬಿಟ್ಟರು. ಇನ್‌ಸ್ಪೆಕ್ಷನ್ ಅಂದುಕೊಂಡರೆ ಯಾರು ತಾನೇ ಬಾಗಿಲು ತೆಗೆಯುತ್ತಾರೆ?

ಎರಡನೇ ಸಲ ದುಡ್ಡು ಹೋಯಿತು. ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದೆವು. ಸುಮಾರು 6,000 ರೂಪಾಯಿ, ಟ್ಯಾಕ್ಸಿ ಬೇರೆ. ಅರ್ಧ ಎಲ್ಲರೂ ಹಾಕಿದ್ದು, ಅರ್ಧ ನನ್ನ ಪರ್ಸಿನದು. ಶಾಲೆ ಬಿಟ್ಟ ಮೇಲೆ ಇಟ್ಟಿದ್ದೇ ತಪ್ಪು. ಅವರು 'ನಾಯಕತ್ವ' ಅಂತ ಸ್ಲೈಡ್ ಹಾಕಿದಾಗ ಎಲ್ಲರ ಬ್ಯಾಗೂ ತೊಡೆಯ ಮೇಲೆ, ಕಣ್ಣು ಗಡಿಯಾರದ ಮೇಲೆ. ಕಲ್ಯಾಣ್ ಲೋಕಲ್ ತಪ್ಪಿದರೆ ಮನೆಯಲ್ಲಿ ಅಡುಗೆ ಲೇಟು. ಅದೇ ತಿಂಗಳು ಪಾಠ ರೆಕಾರ್ಡ್ ಮಾಡಲು 1,400 ಕೊಟ್ಟು ಟ್ರೈಪಾಡ್ ತಂದೆ. ತಮ್ಮ ವಿಡಿಯೊ ಒಬ್ಬರೂ ತೆರೆದು ನೋಡಲಿಲ್ಲ. ಈಗ ಅದಕ್ಕೆ ಮಳೆಗಾಲದಲ್ಲಿ ಕೊಡೆ ನೇತುಹಾಕುತ್ತೇವೆ.

ಮೂರನೇ ಸಲ ಫಾರ್ಮ್ ಇಲ್ಲ, ತಜ್ಞರೂ ಇಲ್ಲ. ಶನಿವಾರ ಅರ್ಧ ದಿನದಲ್ಲೇ, ಐದನೇ ಕ್ಲಾಸಿಗೆ ನಾನೇ ಭಿನ್ನರಾಶಿ ತಗೊಂಡೆ. ಒಂದೇ ಷರತ್ತು ಹಾಕಿದೆ. ನನ್ನನ್ನು ನೋಡಬೇಡಿ. ಒಬ್ಬೊಬ್ಬರು ಮೂರು ಮಕ್ಕಳನ್ನು ನೋಡಿ, ಅವರು ಏನು ಮಾಡಿದರು ಅಷ್ಟೇ ಬರೆಯಿರಿ.

ಬೋರ್ಡಿನ ಮೇಲೆ ಜೋಳದ ರೊಟ್ಟಿ ಬಿಡಿಸಿ ಕೇಳಿದೆ, ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದೋ? "ಮೂರರಲ್ಲಿ ಒಂದೂ" ಅಂತ ಇಡೀ ಕ್ಲಾಸು ಒಂದೇ ರಾಗದಲ್ಲಿ ಕೂಗಿತು. ನಾನು ಬೀಗಿದೆ. ಆಮೇಲೆ ನಮ್ಮ ಚಿಕ್ಕ ವಯಸ್ಸಿನ ಟೀಚರ್ ತಮ್ಮ ಚೀಟಿ ಓದಿದರು: "ಮೂರನೇ ಬೆಂಚಿನ ಹುಡುಗಿ ಮೊದಲು 1/4 ಬರೆದಳು. ಕೂಗು ಕೇಳಿ ಅಳಿಸಿದಳು. ರಬ್ಬರ್ ಇರಲಿಲ್ಲ, ಎಂಜಲು ಬೆರಳಲ್ಲಿ ಉಜ್ಜಿದಳು. ಪುಟ ತೂತಾಯಿತು. ಟೀಚರ್ ಎರಡು ಸಲ ಪಕ್ಕದಲ್ಲೇ ಹೋದರು."

ನನ್ನ ಸರ್ವಿಸ್ 26 ವರ್ಷ. ಪುಸ್ತಕ ತರಿಸಿ ನೋಡಿದೆ, ತೂತು ಇತ್ತು. ರೂಮಿನಲ್ಲಿ ಯಾರೂ ಉಸಿರೆತ್ತಲಿಲ್ಲ. "ಸೋಮವಾರ ಇದನ್ನೇ ಮತ್ತೆ ಮಾಡ್ತೀನಿ, ಬನ್ನಿ" ಅಂದೆ. ಸೋಮವಾರ ಕೂಗುವುದು ಬಂದ್, ಮೊದಲು ಬರೆಯುವುದು. 31 ಮಕ್ಕಳಲ್ಲಿ 14 ಜನ 1/4 ಅಂತಲೇ ಬರೆದಿದ್ದರು. ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ! ಮುಂದಿನ ವಾರ ಹಿರಿಯ ಸರ್ ತಾವಾಗಿಯೇ, "ನಂದೂ ಒಂದು ನೋಡಿಬಿಡಿ" ಅಂದರು. ಅಲ್ಲಿಂದ ಬಂಡಿ ಓಡಿತು.

ನೋಡಲು ಬಂದವರ ಕ್ಲಾಸಿಗೆ ಪ್ರಾಕ್ಸಿ, ಅಂದರೆ ಬದಲಿ ಟೀಚರ್, ಹೇಗೆ ಹೊಂದಿಸುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದೊಂದನ್ನು ಇಲ್ಲಿ ಬರೆಯಲ್ಲ. ನಮ್ಮ ಶಾಲೆಗಳ ಮೇಲೆ ಕಣ್ಣಿಡುವ ಅಧಿಕಾರಿ, ಕೇಂದ್ರ ಪ್ರಮುಖರೂ ಓದಬಹುದು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆವು. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೇವೆ ಅಂತ ಲೆಕ್ಕ ಹಾಕುವುದು. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ, ಟೀಚರುಗಳು ಕಾಯುವುದು ಸುಮಾರು ಒಂದು ಸೆಕೆಂಡ್ ಅಂತ ಬರೆದಿದ್ದರು. ನಮ್ಮದೂ ಅಷ್ಟೇ ಬಂತು. ಮೂರು ಸೆಕೆಂಡಿಗೆ ಏರಿಸಲು ಮನಸ್ಸಲ್ಲೇ 'ಒಂದು ಕುಂದಾಪುರ, ಎರಡು ಕುಂದಾಪುರ' ಅಂತ ಎಣಿಸಿದೆವು. ಕಲಬುರಗಿ, ಯಾದಗಿರಿ ಕಡೆಯ ಮಕ್ಕಳು ಆಗ ಬಾಯಿ ಬಿಟ್ಟರು. ನಮ್ಮ ಪುಸ್ತಕದ ಭಾಷೆ ಅವರ ಮನೆ ಭಾಷೆ ಅಲ್ಲ, ಅವರಿಗೆ ಆ ಎರಡು ಸೆಕೆಂಡ್ ಬೇಕಿತ್ತು.

ಇನ್ನೊಂದು ಆಕಸ್ಮಿಕ. ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ಮರಾಠಿ ಶಾಲೆ. ಅಲ್ಲಿಯ ಒಬ್ಬ 'ಬಾಯಿ' (ಮರಾಠಿಯಲ್ಲಿ ಟೀಚರಮ್ಮ) ಕುತೂಹಲಕ್ಕೆ ಬಂದು ಕೂತರು. ಕನ್ನಡ ಒಂದಕ್ಷರ ಬಾರದು. ಅವತ್ತಿನ ಒಳ್ಳೆಯ ಚೀಟಿ ಅವರದೇ. ಮಾತು ಅರ್ಥವಾಗದ್ದಕ್ಕೆ ಅವರು ಮಕ್ಕಳ ಮುಖ, ಕೈ ಮಾತ್ರ ನೋಡಿದ್ದರು. ಈಗ ತಿಂಗಳಿಗೊಮ್ಮೆ ಅದಲುಬದಲು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಟೀಚರುಗಳಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ಮೊಬೈಲಿನಲ್ಲಿ ತರಬೇತಿಯ ವಿಡಿಯೊ ಓಡಲು ಬಿಟ್ಟು ಕುಕ್ಕರ್ ಇಟ್ಟವರಲ್ಲಿ ನಾನೂ ಒಬ್ಬಳು. ಶನಿವಾರದ ಒಂದೂವರೆ ಗಂಟೆಯಲ್ಲಿ ಮಾತ್ರ ಆ ಆಟ ನಡೆಯಲ್ಲ. ಖರ್ಚು ಅಂದರೆ ಚಹಾ, ವಡಾಪಾವ್, ವಾರಕ್ಕೆ 200ರ ಒಳಗೆ.

ಈ ಜೂನಿನಿಂದ ಯಾರ ಸರದಿ ಯಾವಾಗ ಅನ್ನುವ ಪಟ್ಟಿ ಹಾಕುವುದು ಆ ಚಿಕ್ಕ ಟೀಚರ್. ಮುಂದಿನ ವಾರ ನನ್ನದು, ಭಾಗಾಕಾರ. ಮೂರನೇ ಬೆಂಚಿನ ಹತ್ತಿರ ತಾನೇ ಕೂರುತ್ತೇನೆ ಅಂತ ಸರ್ ಈಗಲೇ ಹೇಳಿಟ್ಟಿದ್ದಾರೆ.