ಗದಗಿನ ಬಿಸಿಲಲ್ಲಿ ಹಿಮದ ಹಿತ್ತಲು

ಅಕ್ಕ ಇರುವುದು ಅಮೆರಿಕದ ಮಿನೆಸೋಟದಲ್ಲಿ. ಜನವರಿಯಲ್ಲಿ ತನ್ನ ಹಿತ್ತಲಿನ ಫೋಟೊ ಕಳಿಸಿದ್ದಳು. ಎಲೆ ಉದುರಿದ ಸೇಬಿನ ಗಿಡ, ಕಟ್ಟಿಗೆಯ ಬೇಲಿ, ಒಂದು ಬೆಂಚು, ಎಲ್ಲದರ ಮೇಲೂ ಹಿಮ. ಅದನ್ನು ಜಲವರ್ಣದಲ್ಲಿ ಬರೆಯೋಣ ಅನ್ನಿಸಿತು. ಕೈ ಹಚ್ಚಿದ್ದು ಮಾತ್ರ ಏಪ್ರಿಲ್‌ನಲ್ಲಿ, ಗದಗಿನ ಬಿಸಿಲಲ್ಲಿ. ಫ್ರಿಜ್ಜಿನೊಳಗಿನದು ಬಿಟ್ಟರೆ ನಾನು ಹಿಮ ಮುಟ್ಟಿದವನೇ ಅಲ್ಲ.

ಜಲವರ್ಣದಲ್ಲಿ ಹಿಮಕ್ಕೆ ಬಿಳಿ ಬಳಿಯುವುದಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಇದು ಗೊತ್ತಿತ್ತು. ಆದರೆ ಅಷ್ಟು ಜಾಗ ಖಾಲಿ ಬಿಡಲು ಧೈರ್ಯ ಬರಲಿಲ್ಲ. ನೆಲಕ್ಕೆಲ್ಲ ತೆಳುವಾಗಿ ಕೋಬಾಲ್ಟ್ ನೀಲಿ ಎಳೆದುಬಿಟ್ಟೆ. ಅವ್ವ ನೋಡಿ, "ಏನೋ ಇದು, ಧೋತರಕ್ಕ ನೀಲಿ ಜಾಸ್ತಿ ಆದಂಗ ಆಗೇದಲ್ಲ" ಅಂದಳು. ಸರಿಯಾಗಿಯೇ ಹೇಳಿದ್ದಳು.

ಎರಡನೇ ಹಾಳೆಯಲ್ಲಿ ಕೊಂಬೆ ಮೇಲಿನ ಹಿಮಕ್ಕೆ ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದೆ. ರಬ್ಬರಿನಂಥ ದ್ರವ, ಹಚ್ಚಿದ ಕಡೆ ಕಾಗದಕ್ಕೆ ಬಣ್ಣ ತಾಗುವುದಿಲ್ಲ, ಒಣಗಿದ ಮೇಲೆ ತಿಕ್ಕಿ ತೆಗೆಯಬೇಕು. ಎರಡು ದಿನ ಹಾಗೇ ಬಿಟ್ಟೆ. ಸೆಕೆಗೆ ಅಂಟಿಕೊಂಡು, ಕಾಗದದ ಸಿಪ್ಪೆಯನ್ನೂ ಕಿತ್ತುಕೊಂಡೇ ಬಂತು.

ಆ ವಾರ ಕಾಕಾನ ಊರಿಗೆ ಹೋಗಿದ್ದೆ. ಗಾಡಿಗೆ ತುಂಬಲು ಅಂಗಳದಲ್ಲಿ ಹತ್ತಿ ರಾಶಿ ಹಾಕಿದ್ದರು. ಸಂಜೆ ಬಿಸಿಲು. ಬೇವಿನ ಗಿಡದ ನೆರಳು ರಾಶಿಯ ಮೇಲೆ ಬಿದ್ದು, ಉಬ್ಬು ತಗ್ಗು ಇದ್ದಂತೆ ಬಾಗಿತ್ತು. ಆ ನೆರಳು ಕಪ್ಪಲ್ಲ, ತಿಳಿ ನೀಲಿ. ಬಿಸಿಲು ತಾಗದ ಕಡೆ ಆಕಾಶದ ಬೆಳಕು ಬೀಳುತ್ತದಲ್ಲ, ಅದರ ಬಣ್ಣ. ಇನ್ನೊಂದು ಕಂಡಿತು: ಕೊಂಬೆಯ ನೆರಳಿನ ಅಂಚು ಚೊಕ್ಕಾಗಿದೆ, ರಾಶಿ ತಾನೇ ಹೊರಳಿದ ಕಡೆ ನೆರಳು ಮೆಲ್ಲಗೆ ಬಿಳಿಯಲ್ಲಿ ಕರಗಿದೆ. ಕಾಕಾ ದರದ ಮಾತಾಡುತ್ತಿದ್ದ, ನಾನು ಹ್ಞೂಂಗುಡುತ್ತ ರಾಶಿಯನ್ನೇ ನೋಡುತ್ತಿದ್ದೆ.

ಮೂರನೇ ಹಾಳೆಗೆ ಬೆಳಗಿನ ಐದೂವರೆಗೇ ಕೂತೆ. ಹೊತ್ತೇರಿದರೆ ಕಾಗದದ ಮೇಲೆ ನೀರು ನಿಲ್ಲುವುದಿಲ್ಲ, ಬೇಗ ಆರಿಬಿಡುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ, 11×15 ಇಂಚು. ಆಕಾಶಕ್ಕಷ್ಟೇ ನೀರು ಹಚ್ಚಿ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಚೂರು ಸೇರಿಸಿದ ಬೂದು ಬಣ್ಣ ಬಿಟ್ಟೆ. ಹಿಂದಿನ ಬೇಲಿಯನ್ನು ಗಾಢ ಮಾಡಿದ ಮೇಲೆ ಮುಂದಿನ ಖಾಲಿ ಕಾಗದ ತಾನಾಗಿ ಹಿಮವಾಯಿತು. ನೆಲದ ನೆರಳಿಗೆ ಒಂದು ಅಂಚು ಒಣ ಕಾಗದದ ಮೇಲೆ ಎಳೆದು, ಇನ್ನೊಂದನ್ನು ಬರೀ ನೀರಿನ ಬ್ರಷ್‌ನಿಂದ ಸವರಿದೆ. ಅಡುಗೆಮನೆಯ ಹರಳುಪ್ಪನ್ನೂ ಆಕಾಶದ ಮೇಲೆ ಉದುರಿಸಿದ್ದೆ. ಬಣ್ಣದ ಹೊಳಪು ಇನ್ನೇನು ಆರುತ್ತಿದೆ ಅನ್ನುವಾಗ ಹಾಕಿದರೆ ಹಿಮದ ಚುಕ್ಕಿ ಮೂಡುತ್ತವೆ. ನನಗೆ ತಡವಾಯಿತು, ಒಂದು ಮೂಲೆಯಲ್ಲಷ್ಟೇ ಮೂಡಿದವು. ಇರಲಿ ಬಿಡಿ.

ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. "ಚಲೋ ಬಂದದೋ. ಆದ್ರ ಬೆಂಚಿಗೆ ಕಾಲು ಎಲ್ಲಿಂದ ಬಂದ್ವು? ಅವತ್ತು ಮೊಣಕಾಲುಮಟ ಹಿಮ ಇತ್ತು" ಅಂದಳು. ಅವಳ ಫೋಟೊ ಮತ್ತೆ ನೋಡಿದೆ. ಕಾಲು ಇರಲಿಲ್ಲ. ಬೆಂಚು ಅಂದಮೇಲೆ ಕಾಲು ಇರಲೇಬೇಕು ಅಂತ ಕೈ ಬರೆದುಬಿಟ್ಟಿತ್ತು. ಒದ್ದೆ ಬ್ರಷ್‌ನಿಂದ ಉಜ್ಜಿ, ಬಟ್ಟೆ ಒತ್ತಿ ಮೂರು ಕಾಲಿನ ಬಣ್ಣ ಎತ್ತಿ ತೆಗೆದೆ. ನಾಲ್ಕನೆಯದು ಇನ್ನೂ ಮಸುಕಾಗಿ ಕಾಣುತ್ತದೆ.