ಹಳೆ ಪ್ಯಾಚ್ ಕೊಳ್ಳೋ ಮುಂಚೆ ಹಿಂಭಾಗ ನೋಡಿ

ಸ್ಕ್ವಾಡ್ರನ್ ಪ್ಯಾಚ್, ಅಂದರೆ ವಾಯುಪಡೆಯ ತಂಡದವರು ಸಮವಸ್ತ್ರದ ಮೇಲೆ ಹಾಕಿಕೊಳ್ಳೋ ಕಸೂತಿ ಬಿಲ್ಲೆ, ಕೂಡಿಡುವ ಹುಚ್ಚಿರುವವರಿಗೆ ಒಂದು ಮಾತು. ನಮ್ಮ ವಾಯುಪಡೆ 2008ರಲ್ಲಿ ಸುಖೋಯ್-30 ಯುದ್ಧವಿಮಾನ ತಗೊಂಡು ಅಮೆರಿಕದ ನೆವಾಡಾದಲ್ಲಿರುವ ನೆಲ್ಲಿಸ್ ನೆಲೆಗೆ ರೆಡ್ ಫ್ಲ್ಯಾಗ್ ಅನ್ನೋ ಯುದ್ಧ ತಾಲೀಮಿಗೆ ಹೋಗಿತ್ತು, 2016ರಲ್ಲಿ ಅದೇ ತಾಲೀಮಿಗೆ ಅಲಾಸ್ಕಾಗೆ. ಈ ಎರಡರಲ್ಲಿ ಯಾವುದಾದರೂ ಸಲದ್ದು ಅಂತ ಯಾರಾದರೂ ಪ್ಯಾಚ್ ತೋರಿಸಿದರೆ ಮೊದಲು ವರ್ಷ, ಜಾಗ, ವಿಮಾನ ಮೂರೂ ತಾಳೆಯಾಗುತ್ತವಾ ನೋಡಿ. ಜಾಗ್ವಾರ್ ಯುದ್ಧವಿಮಾನ ಹೋಗಿದ್ದು 2016ಕ್ಕೆ, 2008ಕ್ಕಲ್ಲ. ಪ್ಯಾಚಲ್ಲಿ ಉಲ್ಟಾ ಇದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ.

ಆಮೇಲೆ ತಿರುಗಿಸಿ ನೋಡಿ. ವಿಮಾನದ ಮೂಗು, ಸಣ್ಣ ಅಕ್ಷರಗಳ ಹತ್ತಿರ ದಾರ ಸಡಿಲವಾಗಿದ್ದರೆ, ಅಂಚು ಕಿತ್ತು ಬರುತ್ತಿದ್ದರೆ ಅನುಮಾನ ಪಡಿ. ಆದರೆ ಹೊಲಿದಿದ್ದ ಗುರುತು, ಸ್ವಲ್ಪ ಬೆವರಿನ ಕಲೆ ಇದ್ದರೆ ಬೇಜಾರು ಬೇಡ, ನನಗಂತೂ ಅದೇ ಜಾಸ್ತಿ ಇಷ್ಟ, ಯಾರೋ ಅದನ್ನು ಮೈಮೇಲೆ ಹಾಕಿಕೊಂಡು ಹಾರಿರಬಹುದು ಅಲ್ವಾ.

ದಯವಿಟ್ಟು ಒಗೆಯಬೇಡಿ. ನಾನೊಂದನ್ನು ಸೋಪು ನೀರಲ್ಲಿ ಅದ್ದಿ, ಕೆಂಪು ದಾರದ ಬಣ್ಣ ಬಿಳಿಗೆಲ್ಲ ಹತ್ತಿಸಿಕೊಂಡೆ. ಒಣ ಬ್ರಷ್ ಸಾಕು. ಅಂಟು ಹಾಕಿ ಆಲ್ಬಮ್‌ಗೆ ಮೆತ್ತಬೇಡಿ, ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಡಿ.