ದುರ್ವಾಸನೆ ಮರದಿಂದ ಕ್ಯಾಂಪ್ಟೊಥೆಸಿನ್ ತೆಗೆದ ಬಗೆ

ಫಾರ್ಮಸಿ ಓದಿದವರಿಗೆಲ್ಲ ಆಲ್ಕಲಾಯ್ಡ್ (ಗಿಡಗಳಲ್ಲಿರುವ, ಸಾಮಾನ್ಯವಾಗಿ ಕ್ಷಾರಗುಣದ ಸಾರಜನಕಯುಕ್ತ ವಸ್ತು) ತೆಗೆಯುವ ಮಾಮೂಲಿ ದಾರಿ ಗೊತ್ತು: ಆಮ್ಲ ಬೆರೆಸಿದ ನೀರಿಗೆ ಇಳಿಸುವುದು, ಕ್ಷಾರ ಹಾಕಿ ಬಿಡಿಸುವುದು, ಕ್ಲೋರೋಫಾರ್ಮಿಗೆ ಎತ್ತುವುದು. ಮಲೆನಾಡಿನ ದುರ್ವಾಸನೆ ಮರದಲ್ಲಿರುವ, ಕ್ಯಾನ್ಸರ್ ಮದ್ದುಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡ್ ಈ ದಾರಿಗೆ ಬಗ್ಗುವುದಿಲ್ಲ. ಅದರ ಕ್ಷಾರಗುಣ ತೀರಾ ಕಡಿಮೆ. ಆಲ್ಕಲಾಯ್ಡ್‌ಗಳನ್ನು ಬಣ್ಣದಿಂದ ಗುರುತಿಸುವ ಡ್ರಾಗೆಂಡಾರ್ಫ್ ಪರೀಕ್ಷೆಗೂ ಸಿಗುವುದಿಲ್ಲ. ಅದಕ್ಕೇ ನಾನು ಯುವಿ ದೀಪವನ್ನು ನಂಬಿಕೊಂಡೆ. 365 ನ್ಯಾನೊಮೀಟರ್ ಬೆಳಕಿನಲ್ಲಿ ಟಿಎಲ್‌ಸಿ ತಟ್ಟೆಯ (ಬೆರಕೆಯನ್ನು ಬೇರೆ ಬೇರೆ ಕಲೆಗಳಾಗಿ ಬಿಡಿಸುವ ತೆಳು ಲೇಪದ ತಟ್ಟೆ) ಮೇಲೆ ಅದರ ಕಲೆ ನೀಲಿಯಾಗಿ ಹೊಳೆಯುತ್ತದೆ.

ಈ ವಸ್ತುವನ್ನು ಅಮೆರಿಕದಲ್ಲಿ ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದರು. ನಮ್ಮ ಮರದಲ್ಲೂ ಇದೆಯೆಂದು 1972ರಲ್ಲಿ ತಿಳಿಸಿದವರು ಗೋವಿಂದಾಚಾರಿ ಮತ್ತು ವಿಶ್ವನಾಥನ್. ಆಮೇಲೆ ಘಟ್ಟದ ಕಾಡಿನಲ್ಲಿ ಮರಗಳನ್ನು ಬುಡಸಮೇತ ಕಿತ್ತು ಸಾಗಿಸಿದರು. ಅದು ನನಗೆ ಬೇಡವಿತ್ತು. ನೆಟ್ಟು ಬೆಳೆಸಿದ ಮರಗಳಿಂದ ಸವರಿದ ಕೊಂಬೆಗಳನ್ನಷ್ಟೇ ತಂದೆ.

ಕೊಂಬೆಗಳನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಹೆಕ್ಸೇನ್‌ನಿಂದ ಜಿಡ್ಡು ತೆಗೆದು, ಮೆಥನಾಲ್‌ನಲ್ಲಿ ಸಾರ ಇಳಿಸಿದೆ. ಬಳಿಕದ ಹಂತವೇ ನನಗೆ ಬಲು ಇಷ್ಟ. ಗಟ್ಟಿಮಾಡಿದ ಸಾರಕ್ಕೆ ಸೋಡಿಯಂ ಹೈಡ್ರಾಕ್ಸೈಡಿನ ತೆಳು ದ್ರಾವಣ ಹಾಕಿ ಬೆಚ್ಚಗೆ ಕಲಕಿದರೆ, ಅಣುವಿನ ಲ್ಯಾಕ್ಟೋನ್ ಉಂಗುರ ತೆರೆದು ನೀರಿನಲ್ಲಿ ಕರಗುವ ಸೋಡಿಯಂ ಲವಣವಾಗುತ್ತದೆ. ಸೋಸಿ, ಕ್ಲೋರೋಫಾರ್ಮಿನಲ್ಲಿ ತೊಳೆದು ಬೇರೆ ಕಲ್ಮಶ ಕಳೆದು, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಉಂಗುರ ಮತ್ತೆ ಮುಚ್ಚಿಕೊಂಡು, ನೀರಿಗೆ ಒಗ್ಗದ ಕ್ಯಾಂಪ್ಟೊಥೆಸಿನ್ ತಳಕ್ಕೆ ಕೂರುತ್ತದೆ.

ಬೇರ್ಪಡಿಸುವವನಿಗೆ ಒದಗಿಬರುವ ಇದೇ ಗುಣ ರೋಗಿಗಳಿಗೆ ಕಂಟಕವಾಗಿತ್ತು. 1970ರ ಆಸುಪಾಸಿನಲ್ಲಿ, ಕರಗುತ್ತದೆಂಬ ಕಾರಣಕ್ಕೆ ಸೋಡಿಯಂ ಲವಣವನ್ನೇ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ಉಂಗುರ ತೆರೆದ ರೂಪಕ್ಕೆ ಶಕ್ತಿ ಕಡಿಮೆ, ಮೇಲಾಗಿ ಮೂತ್ರಕೋಶದಲ್ಲಿ ರಕ್ತಸ್ರಾವ. ಪ್ರಯೋಗ ನಿಂತಿತು. 1985ರಲ್ಲಿ ಇದು ಡಿಎನ್‌ಎಯ ತಿರುಚು ಬಿಡಿಸುವ ಟೊಪೊಐಸೊಮರೇಸ್-1 ಕಿಣ್ವವನ್ನು ಡಿಎನ್‌ಎ ಮೇಲೇ ಸಿಲುಕಿಸಿ ಹಿಡಿಯುತ್ತದೆಂದು ಗೊತ್ತಾದ ಮೇಲೆ ಆಸಕ್ತಿ ಮರಳಿತು. ಉಂಗುರ ಉಳಿಸಿಕೊಂಡೇ ನೀರಿಗೆ ಒಗ್ಗುವಂತೆ ಅಣುವನ್ನು ತಿದ್ದಿದರು. ಹಾಗೆ ಬಂದದ್ದು ಟೊಪೊಟೆಕಾನ್, ಇರಿನೊಟೆಕಾನ್. ಎರಡಕ್ಕೂ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಅಂಡಾಶಯದ ಕ್ಯಾನ್ಸರಿಗೆ ಮೊದಲನೆಯದು, ದೊಡ್ಡ ಕರುಳಿನದಕ್ಕೆ ಎರಡನೆಯದು. ಗಿಡ ಕೊಡುವುದು ಮದ್ದಿನ ಅಸ್ತಿವಾರವನ್ನು. ಮದ್ದಾಗಿಸಲು ರಸಾಯನಶಾಸ್ತ್ರಜ್ಞರು ದಶಕಗಟ್ಟಲೆ ದುಡಿಯಬೇಕು ಎಂಬುದನ್ನು ಮೂಲಿಕೆಯ ಬಗ್ಗೆ ಮಾತಾಡುವವರು ಮರೆಯಬಾರದು.

ತಳಕ್ಕೆ ಕೂತದ್ದನ್ನು ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣದಲ್ಲಿ ಮತ್ತೆ ಹರಳುಗಟ್ಟಿಸಿದಾಗ ತಿಳಿ ಹಳದಿ ಸೂಜಿಗಳು ಸಿಕ್ಕವು. ಈ ಮರದಲ್ಲಿ ಅದನ್ನೇ ಹೋಲುವ 9-ಮೆಥಾಕ್ಸಿ ಕ್ಯಾಂಪ್ಟೊಥೆಸಿನ್ ಕೂಡ ಇರುವುದರಿಂದ ಶುದ್ಧತೆ ನೋಡಲು ಎಚ್‌ಪಿಎಲ್‌ಸಿ (ಬೆರಕೆಯ ಅಂಶಗಳನ್ನು ಬಿಡಿಸಿ ಅಳೆಯುವ ಯಂತ್ರ ಪರೀಕ್ಷೆ) ಮಾಡಲೇಬೇಕು. ಜೀವಕೋಶ ಕೊಲ್ಲುವ ಪುಡಿಯಿದು. ಕೈಗವಸು, ಮುಖಗವಸು ಹಾಕಿ ಗಾಳಿ ಹೊರಗೆಳೆಯುವ ಫ್ಯೂಮ್ ಹುಡ್‌ ಪೆಟ್ಟಿಗೆಯೊಳಗೇ ತೂಗಿ.